ಮೂಗಿನ ಕ್ಯಾನ್ಸರ್: ಕೊಯ್ದ ಮೂಗನ್ನು ಮತ್ತೆ ಕಟ್ಟುವ ಬಗೆ

ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನೆಗಡಿಗೆ ಕೊಯ್ಯುವುದು ಬೇಡ, ನಿಜ. ಆದರೆ ಮೂಗಿನ ಮೇಲೆ ಕ್ಯಾನ್ಸರ್ ಬಂದಾಗ ಕೊಯ್ಯುವುದೇ ಮುಖ್ಯ ಚಿಕಿತ್ಸೆ. ಈ ಮಾತು ಕೇಳಿದ ಕೂಡಲೇ ಆಸ್ಪತ್ರೆಯಿಂದ ಎದ್ದು ಬರುವವರಿದ್ದಾರೆ. ಕಾಯಿಲೆಯ ಭಯಕ್ಕಿಂತ ಮೂಗಿಲ್ಲದ ಮುಖ ಹೊತ್ತು ಊರಲ್ಲಿ ಓಡಾಡುವುದು ಹೇಗೆ ಎಂಬ ಭಯ ಅವರಿಗೆ ದೊಡ್ಡದು. ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಮೂಗು ಕೊಯ್ಯುವುದೆಂದರೆ ಮಾನ ಕಳೆಯುವುದೆಂದೇ ಅರ್ಥ. ಶೂರ್ಪನಖಿಯ ಕಥೆ ಕೇಳಿ ಬೆಳೆದ ಜನ ನಾವು.

ನೆಗಮಂ, ಪೊಳ್ಳಾಚಿ, ಸತ್ಯಮಂಗಲ, ತಾಳವಾಡಿ ಕಡೆಯ ಎರಡು ಭಾಷೆಯ ಓದುಗರು ತಿಳಿದಿರಬೇಕಾದ ಸಂಗತಿ ಎಂದರೆ, ಕ್ಯಾನ್ಸರಿಗಾಗಿ ತೆಗೆದ ಮೂಗನ್ನು ರೋಗಿಯ ಸ್ವಂತ ತೊಗಲಿನಿಂದಲೇ ಮತ್ತೆ ಕಟ್ಟಬಹುದು. ಇದಕ್ಕೆ ಇಂದು ಜಗತ್ತಿನಾದ್ಯಂತ ಬಳಸುವ ಮುಖ್ಯ ವಿಧಾನ ನಮ್ಮ ದೇಶದ್ದೇ. ಅದು ಪಶ್ಚಿಮದ ವೈದ್ಯರ ಕಣ್ಣಿಗೆ ಬಿದ್ದದ್ದು ಮೈಸೂರು ಯುದ್ಧದಲ್ಲಿ ಮೂಗು ಕಳೆದುಕೊಂಡ ಒಬ್ಬ ಎತ್ತಿನ ಗಾಡಿಯವನಿಂದ. ಆ ಕಥೆಯನ್ನು ಮುಂದೆ ಹೇಳುತ್ತೇವೆ. ಮೊದಲು ಕಾಯಿಲೆಯ ವಿಷಯ.

ಹುತ್ತವೋ ಏಡಿಯೋ

ತಮಿಳಿನಲ್ಲಿ ಕ್ಯಾನ್ಸರಿಗೆ ಪುಟ್ರುನೋಯ್ ಎನ್ನುತ್ತಾರೆ. ಪುಟ್ರು ಎಂದರೆ ನಮ್ಮ ಹುತ್ತವೇ. ಕನ್ನಡದ ವೈದ್ಯ ಬರಹಗಳಲ್ಲಿ ಏಡಿಗಂತಿ, ಅರ್ಬುದ ಎಂಬ ಮಾತುಗಳಿವೆಯಾದರೂ ಊರಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ಕ್ಯಾನ್ಸರ್ ಎಂದೇ ಹೇಳುತ್ತಾರೆ. ಮೂಗಿನ ಹೊರತೊಗಲಿನ ಕ್ಯಾನ್ಸರನ್ನು ನೋಡಿದರೆ ಹುತ್ತದ ಹೋಲಿಕೆ ಸರಿ ಎನಿಸುತ್ತದೆ. ಮೇಲೆ ಕಾಣುವುದು ಸಣ್ಣದು, ಒಳಗೆ ಹಬ್ಬಿರುವುದು ಹೆಚ್ಚು.

ಹೊರತೊಗಲಿನಲ್ಲಿ ಹೆಚ್ಚಾಗಿ ಬರುವುದು ಎರಡು ಬಗೆ. ಬೇಸಲ್ ಸೆಲ್ ಕಾರ್ಸಿನೋಮ ನಿಧಾನವಾಗಿ, ವರ್ಷಗಟ್ಟಲೆ ಬೆಳೆಯುವಂಥದ್ದು. ದೇಹದ ಬೇರೆ ಭಾಗಕ್ಕೆ ಹರಡುವುದು ತೀರಾ ಅಪರೂಪ, ಆದರೆ ಇದ್ದ ಜಾಗದಲ್ಲೇ ತೊಗಲು, ಮೃದು ಎಲುಬು, ಕೊನೆಗೆ ಗಟ್ಟಿ ಎಲುಬನ್ನೂ ತಿನ್ನುತ್ತಾ ಹೋಗುತ್ತದೆ. ಹಿಂದಿನ ಇಂಗ್ಲಿಷ್ ವೈದ್ಯರು ಇದಕ್ಕೆ ಇಲಿ ಕಡಿದ ಹುಣ್ಣು ಎಂಬ ಅರ್ಥದ ಹೆಸರು ಕೊಟ್ಟಿದ್ದರು. ಎರಡನೆಯದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಇದು ಬೇಗ ಬೆಳೆಯುತ್ತದೆ, ಕೆಲವರಲ್ಲಿ ಕುತ್ತಿಗೆಯ ಗಂಟುಗಳಿಗೂ ಹೋಗುತ್ತದೆ. ಮೆಲನೋಮ ಎಂಬ ಮೂರನೆಯ ಬಗೆ ನಮ್ಮವರಲ್ಲಿ ಮೂಗಿನ ಮೇಲೆ ಅಪರೂಪ.

ವರ್ಷಾನುಗಟ್ಟಲೆ ಬಿದ್ದ ಬಿಸಿಲೇ ಮುಖ್ಯ ಕಾರಣ. ಕಪ್ಪು ತೊಗಲಿನವರಿಗೆ ಬಿಳಿಯರಿಗಿಂತ ಈ ಕಾಯಿಲೆ ಕಡಿಮೆ, ಆದರೆ ಬರುವುದೇ ಇಲ್ಲ ಎಂದಲ್ಲ. ಮುಖದಲ್ಲಿ ಎಲ್ಲಕ್ಕಿಂತ ಮುಂದೆ ಚಾಚಿಕೊಂಡಿರುವುದು ಮೂಗು, ಬಿಸಿಲು ಮೊದಲು ಬೀಳುವುದೂ ಅದರ ಮೇಲೆಯೇ. ಹಳೆಯ ಸುಟ್ಟ ಕಲೆ, ಹಿಂದೆ ಪಡೆದ ವಿಕಿರಣ ಚಿಕಿತ್ಸೆ, ಆರ್ಸೆನಿಕ್ ಸೇರಿದ ನೀರು ಅಥವಾ ಔಷಧವನ್ನು ಬಹುಕಾಲ ಸೇವಿಸಿದ್ದು ಇವೂ ಕಾರಣವಾಗಬಹುದು. ಮೂಗಿನ ಒಳಭಾಗದ ಕ್ಯಾನ್ಸರ್ ಬೇರೆಯೇ ಕಾಯಿಲೆ. ಮರದ ಹೊಟ್ಟಿನ ದೂಳಿನಲ್ಲಿ ಬಹುಕಾಲ ದುಡಿದವರಿಗೆ ಅದರ ಅಪಾಯ ಹೆಚ್ಚು ಎಂಬುದು ಸಾಬೀತಾಗಿದೆ. ಬಡಗಿಗಳು, ಸಾಮಿಲ್ ಕೆಲಸಗಾರರು ಮೂಗಿಗೆ ಬಟ್ಟೆಯನ್ನಾದರೂ ಕಟ್ಟಿಕೊಳ್ಳಬೇಕು, ಒಳ್ಳೆಯ ಮಾಸ್ಕ್ ಇದ್ದರೆ ಇನ್ನೂ ಮೇಲು.

ಯಾವ ಗಾಯವನ್ನು ಅನುಮಾನಿಸಬೇಕು?

ಮೂಗಿನ ಮೇಲಿನ ಹುಣ್ಣು ಒಂದು ತಿಂಗಳಾದರೂ ಮಾಯದಿದ್ದರೆ ತೋರಿಸಲೇಬೇಕು. ಹೊಪ್ಪಳೆ ಕಟ್ಟಿ ಉದುರುವುದು, ಮುಖ ಒರೆಸಿದಾಗ ರಕ್ತ ಬರುವುದು, ಮತ್ತೆ ಹೊಪ್ಪಳೆ ಕಟ್ಟುವುದು ಹೀಗೆ ನಡೆಯುತ್ತಲೇ ಇದ್ದರೆ ಅದು ಮೊಡವೆಯಲ್ಲ. ಪುಸ್ತಕಗಳಲ್ಲಿ ಈ ಗಂಟು ಮುತ್ತಿನಂತೆ ಹೊಳೆಯುತ್ತದೆ ಎಂದು ಬರೆದಿರುತ್ತದೆ. ಅದು ಬಿಳಿಯರ ತೊಗಲನ್ನು ನೋಡಿ ಬರೆದದ್ದು. ನಮ್ಮವರಲ್ಲಿ ಬೇಸಲ್ ಸೆಲ್ ಗಂಟು ಬಹಳ ಸಲ ಕಪ್ಪಾಗಿಯೇ ಇರುತ್ತದೆ, ಮಚ್ಚೆಯಂತೆ ಕಾಣುತ್ತದೆ. ಹೊಸದಾಗಿ ಬಂದು ಬೆಳೆಯುತ್ತಿರುವ, ನಡುವೆ ಹುಣ್ಣಾಗಿ ಅಂಚು ಉಬ್ಬಿರುವ ಮಚ್ಚೆಯನ್ನು ಅದೃಷ್ಟದ ಮಚ್ಚೆ ಎಂದುಕೊಂಡು ಬಿಡಬೇಡಿ.

ಒಳಗಿನ ಕಾಯಿಲೆಗೆ ಗುರುತು ಬೇರೆ. ಒಂದೇ ಹೊಳ್ಳೆ ಕಟ್ಟಿಕೊಂಡಿರುವುದು, ಒಂದೇ ಹೊಳ್ಳೆಯಿಂದ ರಕ್ತ ಬೆರೆತ ಸಿಂಬಳ, ಕೆನ್ನೆ ಜೋಮು ಹಿಡಿಯುವುದು, ಮೇಲ್ದವಡೆಯ ಹಲ್ಲು ಅಲ್ಲಾಡುವುದು. ಎರಡೂ ಕಡೆ ಸೋರಿದರೆ ಸಾಮಾನ್ಯವಾಗಿ ನೆಗಡಿಯೋ ಅಲರ್ಜಿಯೋ ಆಗಿರುತ್ತದೆ.

ಎಲ್ಲ ಗಂಟೂ ಕ್ಯಾನ್ಸರಲ್ಲ. ಕೆರೆ ಕುಂಟೆಯಲ್ಲಿ ಮೀಯುವವರಿಗೆ ತಮಿಳುನಾಡು, ಕೇರಳದ ಕಡೆ ಬರುವ ರೈನೋಸ್ಪೊರಿಡಿಯೋಸಿಸ್ ಎಂಬ ಸೋಂಕಿನಲ್ಲಿ ಹೊಳ್ಳೆಯೊಳಗೆ ಕೆಂಪನೆಯ, ಮುಟ್ಟಿದರೆ ರಕ್ತ ಸುರಿಯುವ ಗಂಟು ಬೆಳೆಯುತ್ತದೆ. ಅದು ಕ್ಯಾನ್ಸರಲ್ಲ. ತೊಗಲಿನ ಕ್ಷಯ, ಕುಷ್ಠ ಇವೂ ಮೂಗನ್ನು ಕೆಡಿಸುತ್ತವೆ. ಕಣ್ಣಲ್ಲಿ ನೋಡಿ ತೀರ್ಮಾನಿಸಲಾಗದು, ಆದ್ದರಿಂದಲೇ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಬಲವಾಗಿದೆ. ಬಯಾಪ್ಸಿಯಿಂದ ಇವು ಹರಡುವುದಿಲ್ಲ. ಸುಣ್ಣ, ಆಸಿಡ್, ಬೇರು ಅರೆದು ಹಚ್ಚಿ ಸುಟ್ಟುಕೊಳ್ಳುವುದರಿಂದ ಮಾತ್ರ ನಿಜವಾದ ಹಾನಿ. ಮೇಲ್ಭಾಗ ಮಾಯ್ದಂತೆ ಕಂಡು ಒಳಗೆ ಬೆಳೆಯುತ್ತಲೇ ಇರುತ್ತದೆ.

ಕೊಯ್ಯುವಾಗ ಏನು ಮಾಡುತ್ತಾರೆ?

ಕಾಣುವ ಗಂಟನ್ನಷ್ಟೇ ತೆಗೆದರೆ ಸಾಲದು, ಅದರ ಸುತ್ತಲಿನ ಒಳ್ಳೆಯ ತೊಗಲನ್ನೂ ಸ್ವಲ್ಪ ಸೇರಿಸಿ ತೆಗೆಯಬೇಕು. ಅಂಚು ಸ್ಪಷ್ಟವಾಗಿರುವ ಸಣ್ಣ ಬೇಸಲ್ ಸೆಲ್ ಗಂಟಿಗೆ ಸುತ್ತಲೂ ಸುಮಾರು 4 ಮಿಲಿಮೀಟರ್ ಬಿಡುವುದು ವಾಡಿಕೆ. ಸ್ಕ್ವಾಮಸ್ ಬಗೆಗೆ ಇನ್ನೂ ಹೆಚ್ಚು. ಬೆನ್ನಿನ ಮೇಲಾದರೆ ಇದು ದೊಡ್ಡ ವಿಷಯವಲ್ಲ. ಮೂಗಿನ ತುದಿಯಲ್ಲಿ ಬಟಾಣಿ ಗಾತ್ರದ ಗಂಟಿದ್ದರೂ ಸುತ್ತಲಿನ ಅಂಚು ಸೇರಿ ಅರ್ಧ ತುದಿಯೇ ಹೋಗುತ್ತದೆ. ರೋಗಿಯ ಮನೆಯವರು ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಗಾಯವೇ ಎಂದು ಕೇಳುವುದು ಇದಕ್ಕೇ.

ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. 1930ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಮೋಸ್ ಎಂಬ ವೈದ್ಯರು ಪದರ ಪದರವಾಗಿ ತೆಗೆದು, ಪ್ರತಿ ಪದರವನ್ನೂ ಆಗಿಂದಾಗ್ಗೆ ಪರೀಕ್ಷಿಸುವ ವಿಧಾನ ರೂಪಿಸಿದರು. ಅವರ ಹೆಸರಿನಲ್ಲೇ ಕರೆಯುವ ಈ ವಿಧಾನದಲ್ಲಿ ಒಳ್ಳೆಯ ತೊಗಲು ಹೆಚ್ಚು ಉಳಿಯುತ್ತದೆ, ಕಾಯಿಲೆ ಮರಳುವುದೂ ಕಡಿಮೆ. ನಮ್ಮಲ್ಲಿ ಎಲ್ಲೆಡೆ ಈ ಸೌಲಭ್ಯವಿಲ್ಲ. ಆಪರೇಷನ್ ನಡೆಯುತ್ತಿರುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ ನೋಡುವ ಫ್ರೋಜನ್ ಸೆಕ್ಷನ್ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಅದೂ ಇಲ್ಲದಿದ್ದರೆ ಕೊಯ್ದು, ಬ್ಯಾಂಡೇಜ್ ಕಟ್ಟಿ, ವರದಿ ಬರುವವರೆಗೆ ಕಾಯುತ್ತಾರೆ.

ಈ ಕಾಯುವಿಕೆಯ ಬಗ್ಗೆ ಒಂದು ಮಾತು. ಗಾಯ ತೆರೆದಿಟ್ಟು ವಾರಗಟ್ಟಲೆ ಕೂರಿಸಿದರು ಎಂದು ಡಾಕ್ಟರ ಮೇಲೆ ಸಿಟ್ಟಾಗುವವರನ್ನು ಕಾಣುತ್ತೇವೆ. ನಿಜವಾಗಿ ಅದು ಎಚ್ಚರಿಕೆಯ ಕೆಲಸ. ಅಂಚು ಶುದ್ಧವಾಗಿದೆ ಎಂದು ತಿಳಿಯದೆ ಮೇಲೆ ಹೊಸ ತೊಗಲು ಮುಚ್ಚಿಬಿಟ್ಟರೆ, ಕೆಳಗೆ ಉಳಿದ ಕ್ಯಾನ್ಸರ್ ಕಾಣದಂತೆ ಬೆಳೆಯುತ್ತದೆ. ಅದು ಹೊರಬರುವ ಹೊತ್ತಿಗೆ ಕಟ್ಟಿದ ಮೂಗೂ ಹೋಗಿರುತ್ತದೆ, ಮತ್ತೆ ಕಟ್ಟಲು ಬೇಕಾದ ಹಣೆಯ ತೊಗಲೂ ಖರ್ಚಾಗಿರುತ್ತದೆ.

ಮೂರು ಪದರದ ಮೂಗು

ಮೂಗೆಂದರೆ ಬರೀ ತೊಗಲಲ್ಲ. ಹೊರಗೆ ತೊಗಲು, ನಡುವೆ ಎಲುಬು ಮತ್ತು ಮೃದು ಎಲುಬಿನ ಹಂದರ, ಒಳಗೆ ತೇವವಾಗಿರುವ ತೆಳ್ಳನೆಯ ಪೊರೆ. ಯಾವ ಪದರ ಹೋಗಿದೆಯೋ ಅದನ್ನು ಅದೇ ಬಗೆಯ ವಸ್ತುವಿನಿಂದ ತುಂಬಬೇಕು. ಹಂದರವಿಲ್ಲದೆ ತೊಗಲು ಮಾತ್ರ ಹೊದಿಸಿದರೆ ಕೆಲವು ತಿಂಗಳಲ್ಲಿ ಅದು ಕುಗ್ಗಿ, ಹೊಳ್ಳೆ ಮುಚ್ಚಿ, ಉಸಿರಾಟಕ್ಕೇ ಸಂಚಕಾರ. ಒಳಪೊರೆಯಿಲ್ಲದಿದ್ದರೆ ಹಂದರಕ್ಕೆ ಇಟ್ಟ ಮೃದು ಎಲುಬು ಕೊಳೆತು ಹೋಗುತ್ತದೆ.

ಗಾಯ ಸಣ್ಣದಿದ್ದರೆ ಇಷ್ಟೆಲ್ಲ ಬೇಕಿಲ್ಲ. ಕಣ್ಣಿನ ಮೂಲೆಯ ಹತ್ತಿರದ ತಗ್ಗು ಜಾಗದ ಸಣ್ಣ ಗಾಯ ಡ್ರೆಸಿಂಗ್ ಮಾಡುತ್ತಿದ್ದರೆ ತಾನೇ ತುಂಬಿಕೊಳ್ಳುತ್ತದೆ. ಕಿವಿಯ ಬಳಿಯ ಅಥವಾ ಕೊರಳೆಲುಬಿನ ಮೇಲಿನ ತೊಗಲನ್ನು ತೆಗೆದು ಅಂಟಿಸುವುದೂ ಉಂಟು. ಮೂಗಿನ ಪಕ್ಕದ ತೊಗಲನ್ನೇ ಎರಡು ಎಸಳಿನಂತೆ ಕತ್ತರಿಸಿ ತಿರುಗಿಸಿ ಮುಚ್ಚಬಹುದು. ಹೊಳ್ಳೆಯ ಅಂಚು ಹೋಗಿದ್ದರೆ, ಮೂಗಿನ ಪಕ್ಕದಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆಯ ಬಳಿಯ ಕೆನ್ನೆಯ ತೊಗಲು ಚೆನ್ನಾಗಿ ಒಗ್ಗುತ್ತದೆ. ವಯಸ್ಸಾದವರಲ್ಲಿ ಅಲ್ಲಿ ತೊಗಲು ಸಡಿಲವಿರುವುದರಿಂದ ತೆಗೆದ ಜಾಗದ ಕಲೆಯೂ ಗೆರೆಯಲ್ಲೇ ಅಡಗುತ್ತದೆ.

ದೊಡ್ಡ ಗಾಯಕ್ಕೆ, ಇಡೀ ಮೂಗೇ ಹೋದದ್ದಕ್ಕೆ, ಹಣೆಯ ತೊಗಲೇ ಗತಿ. ಬಣ್ಣ, ದಪ್ಪ ಎರಡರಲ್ಲೂ ಮೂಗಿಗೆ ಅಷ್ಟು ಹತ್ತಿರದ ತೊಗಲು ಮೈಯಲ್ಲಿ ಬೇರೆಲ್ಲೂ ಇಲ್ಲ.

ಇಲ್ಲಿ ನಮ್ಮ ಓದುಗರಿಗೆ ಒಂದು ಎಚ್ಚರಿಕೆ. ಕೊಯಮತ್ತೂರಿನ ಡಾಕ್ಟರು ತಮಿಳಿನಲ್ಲಿ ನೆಟ್ರಿಯಿಂದ ತೊಗಲು ಎಂದರೆ ಅದು ಹಣೆ. ಮಾತಿನಲ್ಲಿ ಅದು ನೆತ್ತಿ ಎಂದೇ ಕೇಳಿಸುತ್ತದೆ, ನಮಗೋ ನೆತ್ತಿ ಎಂದರೆ ತಲೆಯ ಮೇಲ್ಭಾಗ. ಮನೆಯಲ್ಲಿ ಕನ್ನಡ ಮಾತಾಡುವ ಹಿರಿಯರು ತಲೆಬುರುಡೆ ಬಿಚ್ಚುತ್ತಾರಂತೆ ಎಂದು ಗಾಬರಿಯಾಗದಿರಲಿ. ಸಹಿ ಹಾಕುವ ಮುನ್ನ ಬೆರಳಿಟ್ಟು ತೋರಿಸಲು ಕೇಳಿ.

ಎತ್ತಿನ ಗಾಡಿಯವನ ಮೂಗು

ಮೂಗು ಕೊಯ್ಯುವ ಕ್ರೌರ್ಯ ನಮ್ಮ ಸೀಮೆಗೆ ಹೊಸದಲ್ಲ. 1656ರ ಸುಮಾರಿಗೆ ಮೈಸೂರಿನ ಕಂಠೀರವ ನರಸರಾಜನ ಸೇನೆ ಸತ್ಯಮಂಗಲದ ಕಡೆಯಿಂದ ಮಧುರೆಯ ತಿರುಮಲ ನಾಯಕನ ರಾಜ್ಯಕ್ಕೆ ನುಗ್ಗಿ ಸಿಕ್ಕವರ ಮೂಗು ಕೊಯ್ದಿತು. ಆಮೇಲೆ ಮಧುರೆಯ ಸೇನೆ ಮೈಸೂರಿಗೆ ಹೋಗಿ ಅದನ್ನೇ ಮಾಡಿತು. ತಮಿಳರು ಇದನ್ನು ಮೂಕ್ಕರುಪ್ಪುಪ್ ಪೋರ್, ಅಂದರೆ ಮೂಗು ಕೊಯ್ಯುವ ಯುದ್ಧ, ಎಂದು ಕರೆಯುತ್ತಾರೆ. ಹೀಗೆ ಯುದ್ಧಕ್ಕೂ ಶಿಕ್ಷೆಗೂ ಮೂಗು ಕೊಯ್ಯುತ್ತಿದ್ದ ದೇಶದಲ್ಲಿ ಮೂಗು ಕಟ್ಟುವವರೂ ಇದ್ದರು.

ಸುಶ್ರುತ ಸಂಹಿತೆಯಲ್ಲೇ ಇದರ ವಿವರವಿದೆ. ಮೂಗಿನ ಅಳತೆಗೆ ಒಂದು ಎಲೆಯನ್ನು ಕತ್ತರಿಸಿ, ಅದನ್ನು ಕೆನ್ನೆಯ ಮೇಲಿಟ್ಟು, ಅಷ್ಟೇ ತೊಗಲನ್ನು ಬುಡ ಬಿಡಿಸದೆ ಎಬ್ಬಿಸಿ ಮೂಗಿಗೆ ಜೋಡಿಸುವುದು. ಉಸಿರಾಟಕ್ಕೆ ಎರಡು ಕೊಳವೆ ಇಡುವುದು. ಮುಂದೆ ಕೆನ್ನೆಯ ಬದಲು ಹಣೆಯ ತೊಗಲು ಬಳಕೆಗೆ ಬಂತು. ಈ ವಿದ್ಯೆ ಪುಸ್ತಕದ ಪಂಡಿತರಿಗಿಂತ ಹೆಚ್ಚಾಗಿ ಕೆಲವು ಮನೆತನಗಳ ಕೈಯಲ್ಲಿ ಉಳಿದುಕೊಂಡಿತು.

1790ರಿಂದ 1792ರವರೆಗಿನ ಮೂರನೆಯ ಮೈಸೂರು ಯುದ್ಧದಲ್ಲಿ ಕೊಯಮತ್ತೂರು ಕೋಟೆ ಕೈಯಿಂದ ಕೈಗೆ ಬದಲಾಯಿತು. ಅದೇ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೌಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗು ಮತ್ತು ಒಂದು ಕೈ ಕಳೆದುಕೊಂಡ ಎಂದು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್ ಪ್ರಕಟಿಸಿತು. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಹೊಸ ಮೂಗು ಕಟ್ಟಿಕೊಟ್ಟ. ಥಾಮಸ್ ಕ್ರೂಸೊ, ಜೇಮ್ಸ್ ಫಿಂಡ್ಲೆ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ನೋಡಿದರು. ಗಾಡಿಯವನ ಹೆಸರು ಉಳಿಯಿತು, ನೋಡಿದವರ ಹೆಸರೂ ಉಳಿಯಿತು. ಮೂಗು ಕಟ್ಟಿದವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಆ ಪತ್ರಿಕೆಯ ವಿವರ ಇಂದಿನ ಸರ್ಜನ್ನರಿಗೂ ಅರ್ಥವಾಗುವಷ್ಟು ಸ್ಪಷ್ಟ. ತೆಳ್ಳನೆಯ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದರು. ಗೆರೆಯುದ್ದಕ್ಕೂ ತೊಗಲು ಬಿಡಿಸಿ, ಎರಡು ಹುಬ್ಬಿನ ನಡುವೆ ಮಾತ್ರ ಒಂದು ಪಟ್ಟಿ ಉಳಿಸಿದರು. ರಕ್ತ ಹರಿಯುವ ದಾರಿ ಅದೇ. ತೊಗಲನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಹಳೆಯ ಗಾಯದ ಅಂಚನ್ನು ಹಸಿ ಮಾಡಿ ಅದರಲ್ಲಿ ಕೂರಿಸಿದರು. ಹೊಲಿಗೆಯಿಲ್ಲ, ಕಾಚಿನ ಲೇಪದ ಬಟ್ಟೆ, ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೆಯ ದಿನ ನಡುವಿನ ಪಟ್ಟಿಯನ್ನು ಕತ್ತರಿಸಿದರು. ಇದನ್ನೋದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಒಬ್ಬ ಸೈನ್ಯಾಧಿಕಾರಿಗೆ ಇದೇ ರೀತಿ ಮೂಗು ಕಟ್ಟಿದರು. 1816ರಲ್ಲಿ ಅದರ ಪುಸ್ತಕ ಬರೆದರು. ಅಲ್ಲಿಂದ ಯುರೋಪಿನ ಉಳಿದ ದೇಶಗಳಿಗೂ ವಿದ್ಯೆ ಹಬ್ಬಿತು. ಇಂದಿಗೂ ವಿದೇಶದ ವೈದ್ಯರು ಹಣೆಯ ತೊಗಲಿನ ಮೂಗಿಗೆ ಭಾರತೀಯ ವಿಧಾನ ಎನ್ನುತ್ತಾರೆ.

ಇಂದಿನ ಆಪರೇಷನ್

ಮೂಲ ಉಪಾಯ ಅದೇ. ಸುಶ್ರುತನ ಎಲೆ, ಪುಣೆಯ ಮೇಣ ಹೋಗಿ ಈಗ ಹೊಲಿಗೆ ದಾರದ ಪೊಟ್ಟಣದ ಹಾಳೆಯನ್ನೇ ಅಳತೆಗೆ ಕತ್ತರಿಸಿಕೊಳ್ಳುತ್ತಾರೆ. ಮೂಗಿನ ಒಂದು ಪಕ್ಕ ಉಳಿದಿದ್ದರೆ ಅದರ ಅಚ್ಚು ತೆಗೆದು ತಿರುವಿ ಹಾಕಿದರೆ ಇನ್ನೊಂದು ಪಕ್ಕದ ಅಳತೆ ಸಿಗುತ್ತದೆ. ಹುಬ್ಬಿನ ಒಳತುದಿಯ ಬಳಿ ಮೇಲೇರುವ ಸಣ್ಣ ರಕ್ತನಾಳವನ್ನು ಡಾಪ್ಲರ್ ಯಂತ್ರದಿಂದ ಗುರುತಿಸಿಕೊಂಡು, ಪಟ್ಟಿಯನ್ನು ಒಂದೂವರೆ ಸೆಂಟಿಮೀಟರಿನಷ್ಟೇ ಅಗಲ ಇಟ್ಟರೂ ತೊಗಲು ಬದುಕುತ್ತದೆ. ಹಂದರಕ್ಕೆ ಕಿವಿಯ, ಹೊಳ್ಳೆಗಳ ನಡುವಿನ ಗೋಡೆಯ, ದೊಡ್ಡದಾದರೆ ಪಕ್ಕೆಲುಬಿನ ಮೃದು ಎಲುಬು ಬಳಸುತ್ತಾರೆ. 1985ರಲ್ಲಿ ಬರ್ಜೆಟ್ ಮತ್ತು ಮೆನಿಕ್ ಎಂಬ ಅಮೆರಿಕದ ವೈದ್ಯರು ಮೂಗಿನ ತುದಿ, ಬೆನ್ನು, ಹೊಳ್ಳೆಯ ರೆಕ್ಕೆ ಹೀಗೆ ಭಾಗಗಳನ್ನು ಗುರುತಿಸಿ, ಒಂದು ಭಾಗದ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಉಳಿದದ್ದನ್ನೂ ತೆಗೆದು ಇಡೀ ಭಾಗವನ್ನೇ ಹೊಸದಾಗಿ ಕಟ್ಟುವುದು ಲೇಸು ಎಂದರು. ಕಲೆಯು ಭಾಗಗಳ ನಡುವಿನ ಗೆರೆಯಲ್ಲಿ ಬಿದ್ದು ಎದ್ದು ಕಾಣುವುದಿಲ್ಲ.

ಮನೆಯವರು ಸಿದ್ಧರಿರಬೇಕಾದ್ದು ನಡುವಿನ ಮೂರು ವಾರಕ್ಕೆ. ಹುಬ್ಬಿನಿಂದ ಮೂಗಿಗೆ ಸಣ್ಣ ಸೊಂಡಿಲಿನಂತೆ ತೊಗಲಿನ ಪಟ್ಟಿ ಜೋತಿರುತ್ತದೆ. ನೋಡಲು ಹೆದರಿಕೆಯಾಗುತ್ತದೆ, ಮಕ್ಕಳು ಅಳುತ್ತಾರೆ. ಮೊದಲ ಒಂದೆರಡು ದಿನ ಪಟ್ಟಿಯಿಂದ ಸ್ವಲ್ಪ ರಕ್ತ ಜಿನುಗುವುದು ಸಹಜ. ಕನ್ನಡಕ ಹಾಕಲು ಕಷ್ಟ. ಕೆಲವರಿಗೆ ಹೊಸ ಮೂಗು ಮುಟ್ಟಿದರೆ ಹಣೆ ಮುಟ್ಟಿದಂತೆಯೇ ಅನಿಸುತ್ತದೆ. ಮೂರು ವಾರದಲ್ಲಿ ಹೊಸ ಜಾಗದಿಂದಲೇ ರಕ್ತ ಹರಿಯತೊಡಗಿದ ಮೇಲೆ ಪಟ್ಟಿ ಕತ್ತರಿಸುತ್ತಾರೆ. ದೊಡ್ಡ ಕೆಲಸವಾದರೆ ಮೂರನೆಯ ವಾರ ಒಳಗಿನ ಕೊಬ್ಬು ತೆಳುಮಾಡಿ, ಆರನೆಯ ವಾರ ಕತ್ತರಿಸುತ್ತಾರೆ. ಪಟ್ಟಿ ಇರುವಾಗಲೇ ಸಾಕಪ್ಪಾ ಎಂದು ಊರಿಗೆ ಹೋಗಿ ಕೂರಬಾರದು.

ಈ ದಿನಗಳಲ್ಲಿ ಬೀಡಿ ಸಿಗರೇಟು ಪೂರ್ತಿ ನಿಲ್ಲಬೇಕು. ಹೊಗೆಯಿಂದ ಸಣ್ಣ ರಕ್ತನಾಳ ಬಿಗಿದು ತೊಗಲಿನ ತುದಿ ಕಪ್ಪಾಗಿ ಸಾಯುತ್ತದೆ. ಸಕ್ಕರೆ ಕಾಯಿಲೆ ಹಿಡಿತದಲ್ಲಿರಬೇಕು. ಹೃದಯಕ್ಕೆಂದು ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು, ತಾವಾಗಿ ನಿಲ್ಲಿಸಬಾರದು. ಬಗ್ಗಿ ಭಾರ ಎತ್ತುವುದು ಬೇಡ. ನೆಗಮಂ ಸೀರೆ ನೇಯುವವರು ಗುಂಡಿ ಮಗ್ಗಕ್ಕೆ ಇಳಿದು ತಲೆ ತಗ್ಗಿಸಿ ಕೂರುವುದನ್ನೂ, ತೋಟದವರು ತೆಂಗಿನಕಾಯಿ ಹೊರುವುದನ್ನೂ ಡಾಕ್ಟರು ಹೇಳುವವರೆಗೆ ಮುಂದೂಡಬೇಕು. ಹಣೆಯ ಗಾಯದ ಮೇಲೆ ವಿಭೂತಿ, ಕುಂಕುಮ ಹಚ್ಚಬೇಡಿ. ಅಗಲವಾಗಿ ತೊಗಲು ತೆಗೆದಿದ್ದರೆ ಹಣೆಯ ಮೇಲ್ಭಾಗವನ್ನು ಹೊಲಿಯದೆ ಬಿಟ್ಟಿರುತ್ತಾರೆ, ಅದು ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ತೊಗಲು ನೀಲಿ, ಕಪ್ಪು ಅಥವಾ ತೀರಾ ಬಿಳಿಚಿಕೊಂಡರೆ ಮಾತ್ರ ಅಂದೇ ಆಸ್ಪತ್ರೆಗೆ ಓಡಿ.

ಹೆಂಗಸರು ಕೇಳುವ ಪ್ರಶ್ನೆ ಮೂಗುತಿಯದು. ಆಪರೇಷನ್ನಿಗೆ ಮುನ್ನ ತೆಗೆಯಲೇಬೇಕು. ಕಟ್ಟಿದ ಮೂಗನ್ನು ಚುಚ್ಚಿದರೆ ಒಳಗಿನ ಮೃದು ಎಲುಬಿಗೆ ಸೋಂಕು ತಗಲುವ ಭಯವಿದೆ. ಚುಚ್ಚದೆ ಸಿಕ್ಕಿಸುವ ಮೂಗುತಿ ಸಾಕು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಹೊಸ ಮೂಗು ಮೊದಲು ಊದಿಕೊಂಡು ದಪ್ಪಗಿರುತ್ತದೆ. ಒಂದು ವರ್ಷದಲ್ಲಿ ಇಳಿದು ಆಕಾರಕ್ಕೆ ಬರುತ್ತದೆ. ಕೂದಲಂಚಿನ ತೊಗಲು ಬಂದಿದ್ದರೆ ಮೂಗಿನ ಮೇಲೆ ಕೂದಲು ಬೆಳೆಯುವುದುಂಟು, ಅದನ್ನು ಲೇಸರಿನಿಂದ ತೆಗೆಯಬಹುದು. ದೇವರು ಕೊಟ್ಟಂತೆಯೇ ಆಗುತ್ತದೆ ಎಂದು ಯಾರೂ ಮಾತು ಕೊಡಲಾರರು, ಆದರೆ ಮಾರು ದೂರದಿಂದ ನೋಡಿದವರು ಗುರುತಿಸದಷ್ಟು ಒಳ್ಳೆಯ ಕೆಲಸಗಳಾಗುತ್ತವೆ.

ಕಟ್ಟಲಾಗದಾಗ

ತೀರಾ ವಯಸ್ಸಾದವರು, ಮೂರ್ನಾಲ್ಕು ಆಪರೇಷನ್ ತಾಳಲಾರದವರು, ಕಾಯಿಲೆ ಮರಳುವ ಭಯ ಹೆಚ್ಚಿರುವವರು ಇವರಿಗೆ ಸಿಲಿಕೋನಿನ ಕೃತಕ ಮೂಗು ಇದೆ. ಅಂಟಿನಿಂದಲೋ, ಕನ್ನಡಕಕ್ಕೆ ಸೇರಿಸಿಯೋ, ಎಲುಬಿಗೆ ತಿರುಪು ಕೂರಿಸಿ ಅಯಸ್ಕಾಂತದಿಂದಲೋ ನಿಲ್ಲಿಸುತ್ತಾರೆ. ಹಲ್ಲಿನ ವೈದ್ಯರಲ್ಲಿ ಕೃತಕ ಅಂಗ ಮಾಡುವ ಪರಿಣತರೇ ಇದನ್ನು ತಯಾರಿಸುವುದು. ರಾತ್ರಿ ತೆಗೆದಿಡಬೇಕು, ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಒಂದು ಅನುಕೂಲವೆಂದರೆ ತೆಗೆದು ನೋಡಿದಾಗ ಒಳಗಿನ ಜಾಗ ಡಾಕ್ಟರಿಗೆ ನೇರವಾಗಿ ಕಾಣುತ್ತದೆ.

ಕೊಯ್ಯಿಸಿಕೊಳ್ಳಲಾಗದವರಿಗೆ ವಿಕಿರಣ ಚಿಕಿತ್ಸೆಯೂ ಇದೆ. ನರದ ಸುತ್ತ ಹಬ್ಬಿದ್ದರೆ ಆಪರೇಷನ್ ನಂತರವೂ ಕೊಡುತ್ತಾರೆ. ಮೂಗಿನ ಒಳಗಿನ ಕ್ಯಾನ್ಸರಿಗೆ ಸಿ.ಟಿ., ಎಂ.ಆರ್.ಐ. ಸ್ಕ್ಯಾನ್ ನೋಡಿ ಕಣ್ಣು, ಮೇಲ್ದವಡೆ ಎಲ್ಲವನ್ನೂ ಲೆಕ್ಕ ಹಾಕಬೇಕಾಗುವುದರಿಂದ ಕ್ಯಾನ್ಸರ್ ಆಸ್ಪತ್ರೆಗೇ ಹೋಗುವುದು ಒಳ್ಳೆಯದು.

ಎಲ್ಲಿಗೆ ಹೋಗಬೇಕು?

ಮೊದಲು ಪೊಳ್ಳಾಚಿಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಕೊಯಮತ್ತೂರು ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಚೀಟಿ ಪಡೆಯಬಹುದು. ಕ್ಯಾನ್ಸರ್ ತೆಗೆಯುವವರು, ಮೂಗು ಕಟ್ಟುವ ಪ್ಲಾಸ್ಟಿಕ್ ಸರ್ಜನ್ ಇಬ್ಬರೂ ಆಪರೇಷನ್ನಿಗೆ ಮೊದಲೇ ಒಟ್ಟಿಗೆ ನೋಡುವುದು ಮುಖ್ಯ. ಅದನ್ನು ಕೇಳಲು ಸಂಕೋಚ ಬೇಡ. 1954ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಚೆನ್ನೈನ ಅಡ್ಯಾರಿನಲ್ಲಿ ಕಟ್ಟಿದ ಕ್ಯಾನ್ಸರ್ ಸಂಸ್ಥೆಯೂ, 1973ರಿಂದ ಇರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಇವೆ. ಕನ್ನಡದಲ್ಲೇ ಎಲ್ಲ ಕೇಳಿ ತಿಳಿಯಬೇಕೆನ್ನುವ ಹಿರಿಯರಿಗೆ ಕಿದ್ವಾಯಿ ಅನುಕೂಲ.

ಖರ್ಚಿನ ವಿಷಯದಲ್ಲಿ ಗಡಿಯವರು ಒಂದನ್ನು ನೆನಪಿಡಬೇಕು. ಮಾತು ಯಾವುದಾದರೂ ಆಗಲಿ, ರೇಷನ್ ಕಾರ್ಡ್ ಯಾವ ರಾಜ್ಯದ್ದೋ ಆ ರಾಜ್ಯದ ಯೋಜನೆಯೇ ನಿಮಗೆ ದೊರೆಯುವುದು. ತಮಿಳುನಾಡಿನಲ್ಲಿ 2012ರಿಂದ ಇರುವ ಮುಖ್ಯಮಂತ್ರಿಯವರ ಸಮಗ್ರ ಆರೋಗ್ಯ ವಿಮೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ವಿ.ಎ.ಓ. ಕಡೆಯಿಂದ ಆದಾಯ ಪತ್ರ ಮಾಡಿಸಿಟ್ಟುಕೊಳ್ಳಿ. ಕರ್ನಾಟಕದ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಕ್ಯಾನ್ಸರ್ ತೆಗೆಯುವುದಕ್ಕೆ ಮಾತ್ರವೋ ಮೂಗು ಕಟ್ಟುವ ಎಲ್ಲ ಹಂತಗಳಿಗೂ ಹಣ ಮಂಜೂರಾಗಿದೆಯೋ ಎಂದು ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಮೊದಲೇ ಕೇಳಿ, ಬರೆಸಿಕೊಳ್ಳಿ.

ಆಪರೇಷನ್ ಮುಗಿದ ಮೇಲೆ ಕನಿಷ್ಠ ಐದು ವರ್ಷ ತಪಾಸಣೆಗೆ ಹೋಗುತ್ತಿರಬೇಕು. ಮೊದಲ ಎರಡು ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ಡಾಕ್ಟರು ಹೇಳಿದ ಹಾಗೆ. ಒಮ್ಮೆ ಬಂದವರಿಗೆ ಮುಖದ ಬೇರೆಡೆ ಹೊಸ ಗಂಟು ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ತೋಟಕ್ಕೆ ಹೋಗುವಾಗ ಅಗಲ ಅಂಚಿನ ಟೋಪಿಯೋ ತಲೆಯಿಂದ ಮುಂದಕ್ಕೆ ಚಾಚುವಂತೆ ಸುತ್ತಿದ ಟವೆಲೋ ಇರಲಿ, ಪ್ರತಿ ಸಲವೂ ಹಳೆಯ ಬಯಾಪ್ಸಿ ವರದಿಯ ಪ್ರತಿಯನ್ನು ಜೊತೆಗೆ ಒಯ್ಯಿರಿ.